ಆ ವೈಫೈ ಡಬ್ಬಿ ಯಾರದು? ಬಾಡಿಗೆ ಕಟ್ಟುವ ಮೊದಲು ಕೇಳ್ರಿ

ಬೆಟಗೇರಿಯಲ್ಲಿ ನಾವು ಮೂರು ಮಂದಿ ಒಂದೇ ಖೋಲಿಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಮಗ್ಗ. ಮುಂಜಾನೆ ಆರಕ್ಕೆಲ್ಲ ಅದರ ಸಪ್ಪಳಕ್ಕೇ ಏಳುತ್ತಿದ್ದೆವು. ಖೋಲಿಗೆ ಬಾಡಿಗೆ, ಗ್ಯಾಸಿಗೆ ರೊಕ್ಕ, ನೀರಿನ ಕ್ಯಾನಿಗೆ ರೊಕ್ಕ. ಇವುಗಳ ನಡುವೆ ಇಂಟರ್ನೆಟ್ ಬಿಲ್ಲಿನಲ್ಲಿ ಒಂದು ಸಣ್ಣ ಸಾಲು ಇರುತ್ತಿತ್ತು: ಮೋಡೆಮ್ ಬಾಡಿಗೆ 100 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 118. ಮೂವರಲ್ಲಿ ಹಂಚಿದರೆ ತಲೆಗೆ ನಲವತ್ತು ರೂಪಾಯಿಯೂ ಬೀಳುತ್ತಿರಲಿಲ್ಲ. ಅದಕ್ಕೇ ಯಾರೂ ಆ ಸಾಲಿನ ಕಡೆ ನೋಡಲಿಲ್ಲ.

ಖೋಲಿ ಬಿಡುವ ದಿನ ಕೂತು ಲೆಕ್ಕ ಹಾಕಿದೆವು. 34 ತಿಂಗಳು ಕಟ್ಟಿದ್ದೆವು. 4,012 ರೂಪಾಯಿ ಆಗಿತ್ತು. ಅಂಥದ್ದೇ ಹೊಸ ಡಬ್ಬಿಗೆ ಹುಬ್ಬಳ್ಳಿಯ ಅಂಗಡಿಯಲ್ಲಿ ನಮಗೆ ಹೇಳಿದ ದರ, ಟ್ಯಾಕ್ಸ್ ಸೇರಿ, 1,400.

ಮನೆ ಮಾಲಕರು ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟು, ಚಹಾ ಕುಡಿಸಿ ಕಳಿಸಿದರು. ನೆಟ್ಟಿನವರು ಮಾತ್ರ ಡಬ್ಬಿ ಬಿಚ್ಚಿಕೊಂಡು, "ಅಡಾಪ್ಟರ್ ಬ್ಯಾರೇದೈತಿ" ಎಂದು ಠೇವಣಿಯಲ್ಲಿ 300 ರೂಪಾಯಿ ಹಿಡಿದರು. ಅಡಾಪ್ಟರ್ ಬೇರೆ ಆಗಿದ್ದು ನಿಜ. ಮೊದಲಿನದು ಮಳೆಗಾಲದ ಒಂದು ರಾತ್ರಿ ಸುಟ್ಟುಹೋಗಿ, ನಾವೇ ನಮ್ಮ ರೊಕ್ಕದಲ್ಲಿ ಹೊಸದು ತಂದು ಹಾಕಿದ್ದೆವು. ಅವರ ಡಬ್ಬಿ ನಡೆಸಲು ನಾವು ಅಡಾಪ್ಟರ್ ತಂದೆವು, ಅದನ್ನು ತಂದಿದ್ದಕ್ಕೇ ದಂಡವನ್ನೂ ಕಟ್ಟಿದೆವು. ಆ ಆಪರೇಟರ್ ಹೆಸರು ಇಲ್ಲಿ ಬೇಡ. ತಪ್ಪು ಅರ್ಧ ನಮ್ಮದೂ ಹೌದು. ಕಾಗದದ ಮೇಲೆ ಏನು ಬರೆದಿದೆ ಎಂದು ನಾವು ಒಂದು ದಿನವೂ ಓದಿರಲಿಲ್ಲ.

ಅಂದಿನಿಂದ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ದೀಪ ಮಿನುಗಿಸುತ್ತ ಕೂತ ಆ ಡಬ್ಬಿ ತೋರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದೇವೆ: ಇದು ಯಾರದು? ಹೆಚ್ಚಿನವರ ಉತ್ತರ, "ನಮ್ದ ಇರಬೇಕ್ರಿ, ಮೊದ್ಲ ಎರಡು ಸಾವಿರ ಕೊಟ್ಟೇವಲ್ಲ." ರಸೀದಿ ಇದೆಯಾ ಎಂದರೆ ಇಲ್ಲ. ಆ ಎರಡು ಸಾವಿರ ಡಬ್ಬಿಯ ಬೆಲೆಯೋ, ಕೇಬಲ್ ಎಳೆದ ಕೂಲಿಯೋ, ವಾಪಸ್ ಬರುವ ಠೇವಣಿಯೋ ಎಂದರೆ, ಅದೂ ಗೊತ್ತಿಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಸ್ವಂತ ಮನೆ ಇದ್ದವರು, ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಕಡೆ ನೆಟ್ ಇಟ್ಟುಕೊಳ್ಳುವವರು ಡಬ್ಬಿಯನ್ನು ಕೊಂಡುಕೊಳ್ಳುವುದೇ ಲೇಸು. ಆದರೆ ಅಂಗಡಿಗೆ ಹೋಗಿ ಕೊಂಡು ತಂದರೆ ಕೆಲಸ ಮುಗಿಯಲಿಲ್ಲ. ಫೈಬರ್ ನೆಟ್ಟಿನಲ್ಲಿ ಡಬ್ಬಿ ನಿಮ್ಮದಾದರೂ ಅದರ ಕೀಲಿ ಆಪರೇಟರ್ ಕೈಯಲ್ಲಿರುತ್ತದೆ. ಆ ಕೀಲಿ ತೆರೆಯುವ ಮಾತನ್ನು ಮೊದಲು ಪಡೆದು, ಆಮೇಲೆ ರೊಕ್ಕ ಬಿಚ್ಚಬೇಕು.

ಕೀಲಿ ಏನು ಎಂದು ಹೇಳಲು ಸ್ವಲ್ಪ ಹಿಂದೆ ಹೋಗಬೇಕಾಗುತ್ತದೆ.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಫೋನಿನ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಆಗಿನ ಮೋಡೆಮ್ ಬಾಡಿಗೆಗೂ ಸಿಗುತ್ತಿತ್ತು, ಕೊಳ್ಳಲೂ ಬರುತ್ತಿತ್ತು. ಅಂಗಡಿಯಿಂದ ಯಾವುದೇ ಎಡಿಎಸ್‌ಎಲ್ ಮೋಡೆಮ್ ತಂದು, ಫೋನಿನ ಪಿನ್ ಚುಚ್ಚಿ, ಸೆಟ್ಟಿಂಗಿನಲ್ಲಿ 0 ಮತ್ತು 35 ಎಂಬ ಎರಡು ಅಂಕಿ ಹಾಕಿ, ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟರೆ ನೆಟ್ ಬಂದುಬಿಡುತ್ತಿತ್ತು. ಯಾರನ್ನೂ ಕೇಳುವ ಹಂಗಿರಲಿಲ್ಲ. ಆ 0, 35 ಎಂಬ ಅಂಕಿಗಳು ಸೈಬರ್ ಕೆಫೆಯವರಿಗೆ ಬಾಯಿಪಾಠ ಇರುತ್ತಿದ್ದವು.

ದೊಡ್ಡ ಊರುಗಳಲ್ಲಿ, ಅಮೆರಿಕದಂಥ ದೇಶಗಳಲ್ಲಿ ಟಿವಿಯ ಕರಿ ದುಂಡು ಕೇಬಲ್ ಮೇಲೆಯೇ ಇಂಟರ್ನೆಟ್ ಬಂತು. ಅದಕ್ಕೆ ಹಾಕುವುದೇ ನಿಜವಾದ ಕೇಬಲ್ ಮೋಡೆಮ್. ನಮ್ಮ ಕಡೆ ಆ ಹಂತ ಹೆಚ್ಚುಕಡಿಮೆ ಬರಲೇ ಇಲ್ಲ. ಫೋನಿನ ತಂತಿಯಿಂದ ನೇರವಾಗಿ ಗಾಜಿನ ಎಳೆಗೆ, ಅಂದರೆ ಫೈಬರಿಗೆ, ಜಿಗಿದೆವು. ಹೆಸರು ಮಾತ್ರ ಹಳೆಯದೇ ಉಳಿದಿದೆ. ಮೋಡೆಮ್ ಅನ್ನುತ್ತೇವೆ, ರೂಟರ್ ಅನ್ನುತ್ತೇವೆ, ವೈಫೈ ಡಬ್ಬಿ ಅನ್ನುತ್ತೇವೆ. ಕಂಪನಿಯ ಕಾಗದದಲ್ಲಿ ಅದನ್ನು ಓಎನ್‌ಟಿ ಅಥವಾ ಓಎನ್‌ಯು ಎಂದು ಬರೆದಿರುತ್ತಾರೆ.

ಫೈಬರಿನಲ್ಲಿ ಬೆಳಕು ಓಡುತ್ತದೆ. ಆಪರೇಟರ್ ಆಫೀಸಿನಿಂದ ಹೊರಟ ಒಂದು ಎಳೆ ಕಂಬದ ಮೇಲಿನ ಸಣ್ಣ ಪೆಟ್ಟಿಗೆಯಲ್ಲಿ 8, 16 ಅಥವಾ 32 ಕವಲಾಗಿ ಅಷ್ಟು ಮನೆಗೆ ಹೋಗುತ್ತದೆ. ಎಲ್ಲರ ಮನೆಗೂ ಬರುವುದು ಅದೇ ಬೆಳಕು. ಯಾರ ಪಾಲು ಯಾರದು ಎಂದು ತಿಳಿಯಬೇಕಲ್ಲ, ಅದಕ್ಕೆ ಆಫೀಸಿನ ದೊಡ್ಡ ಯಂತ್ರದಲ್ಲಿ ಪ್ರತಿ ಡಬ್ಬಿಯ ನಂಬರ್ ಬರೆದಿಟ್ಟಿರುತ್ತಾರೆ. ರೇಷನ್ ಅಂಗಡಿಯ ಪಟ್ಟಿಯಂತೆಯೇ ಇದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನೀವು ಊರಿನವರೇ ಆದರೂ ಅಕ್ಕಿ ಸಿಗುವುದಿಲ್ಲ. ಹೊಸ ಡಬ್ಬಿ ತಂದು ಚುಚ್ಚಿದರೆ ದೀಪ ಹತ್ತುತ್ತದೆ, ಆದರೆ ಆಪರೇಟರ್ ಅದರ ನಂಬರ್ ಏರಿಸುವವರೆಗೆ ನೆಟ್ ಬರುವುದಿಲ್ಲ.

ಹೀಗಾಗಿ "ನಾ ಡಬ್ಬಿ ತಗೊಂಡೀನಿ" ಎಂಬ ಮಾತಿಗೆ ಪೂರ್ತಿ ಅರ್ಥ ಬರುವುದು "ಅವರು ನಂಬರ್ ಏರಿಸ್ಯಾರ" ಎಂದಾಗಲೇ.

ಇಂಥ ಪೆಟ್ಟು ನಾವು ಒಮ್ಮೆ ತಿಂದಿದ್ದೇವೆ. ಟಿವಿ ಕೇಬಲ್ ಡಿಜಿಟಲ್ ಆದ ಕಾಲ ನೆನಪಿಸಿಕೊಳ್ಳಿ. ಪಟ್ಟಣಗಳಿಗೆ 2015ರ ಡಿಸೆಂಬರ್ 31 ಗಡುವು. ಹಳ್ಳಿಗಳಿಗೆ ಮೊದಲು 2016ರ ಡಿಸೆಂಬರ್ 31 ಎಂದರು, ಆಮೇಲೆ 2017ರ ಮಾರ್ಚ್ 31ಕ್ಕೆ ಮುಂದೂಡಿದರು. ಸೆಟ್‌ಟಾಪ್ ಬಾಕ್ಸ್ ಇಲ್ಲದಿದ್ದರೆ ಟಿವಿ ಬಂದ್ ಎಂದು ಮನೆಮನೆಯಲ್ಲೂ ರೊಕ್ಕ ಕೊಟ್ಟು ಬಾಕ್ಸ್ ತಂದರು. ಆಮೇಲೆ ಆಪರೇಟರ್ ಬದಲಾದಾಗ ಹಳೆಯ ಬಾಕ್ಸ್ ಕೆಲಸಕ್ಕೆ ಬರಲಿಲ್ಲ. ಅದು ನಮ್ಮದೇ ಆಗಿತ್ತು, ಆದರೆ ಒಬ್ಬರ ಲೈನಿಗೆ ಮಾತ್ರ ನಡೆಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಅದು ಇವತ್ತಿಗೂ ಟಿವಿ ಸ್ಟ್ಯಾಂಡಿನ ಕೆಳಗೆ ಧೂಳು ತಿನ್ನುತ್ತಿದೆ. ಒಂದು ಬಾಕ್ಸ್ ಎಲ್ಲ ಕಂಪನಿಗೂ ನಡೆಯುವಂತಿರಬೇಕು ಎಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತು. ಅಷ್ಟರಲ್ಲಿ ಜನ ರೊಕ್ಕ ಕೊಟ್ಟು ಮುಗಿಸಿದ್ದರು.

ಬೇರೆ ದೇಶಗಳಲ್ಲಿ ಈ ಜಗಳ ಬಹಳ ಹಳೆಯದು. ಅಮೆರಿಕದಲ್ಲಿ ಒಂದು ಕಾಲಕ್ಕೆ ಫೋನ್ ಕಂಪನಿಯ ತಂತಿಗೆ ಹೊರಗಿನ ಯಾವ ಸಾಮಾನನ್ನೂ ಜೋಡಿಸುವಂತಿರಲಿಲ್ಲ. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬವರು ವಾಕಿಟಾಕಿಯಂಥ ರೇಡಿಯೊವನ್ನು ಫೋನಿಗೆ ಜೋಡಿಸುವ ಒಂದು ಉಪಕರಣ ಮಾಡಿದರು. ಕಂಪನಿ ತಡೆಯಿತು. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಕಾರ್ಟರ್ ಪರ ತೀರ್ಪು ಕೊಟ್ಟಿತು: ಜಾಲಕ್ಕೆ ಧಕ್ಕೆ ಆಗದಿದ್ದರೆ ಗ್ರಾಹಕ ತನ್ನ ಸಾಮಾನು ಜೋಡಿಸಬಹುದು. ಮುಂದೆ ಮೋಡೆಮ್ ಎಂಬುದು ಅಂಗಡಿಯ ಸರಕಾಗಲು ಈ ತೀರ್ಪೇ ದಾರಿ ಮಾಡಿತು. ಅದೇ ದೇಶದಲ್ಲಿ 2019ರ ಡಿಸೆಂಬರ್‌ನಲ್ಲಿ ಇನ್ನೊಂದು ಕಾನೂನು ಬಂತು. ಗ್ರಾಹಕ ತನ್ನದೇ ಮೋಡೆಮ್ ಬಳಸುತ್ತಿದ್ದರೆ ಕಂಪನಿ ಅದಕ್ಕೆ ಬಾಡಿಗೆ ಹಾಕುವಂತಿಲ್ಲ ಎಂದು ಅದು ಹೇಳುತ್ತದೆ. ಇಂಥದ್ದಕ್ಕೂ ಕಾನೂನು ಬೇಕಾಯಿತೇ ಎಂದು ನಗು ಬರುತ್ತದೆ. ಹಾಕುತ್ತಿದ್ದರು, ಅದಕ್ಕೇ ಬೇಕಾಯಿತು. ಜರ್ಮನಿಯಲ್ಲಂತೂ 2016ರ ಆಗಸ್ಟ್ 1ರಿಂದ ಮನೆಯ ಡಬ್ಬಿ ಯಾವುದಿರಬೇಕು ಎಂದು ಆರಿಸುವ ಹಕ್ಕೇ ಗ್ರಾಹಕನದು. ಕಂಪನಿ ಬೇಕಾದ ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಕೇಳದೆಯೇ ಕೊಡಬೇಕು.

ನಮ್ಮ ಕಡೆ ಹಾಗೆ ಗಟ್ಟಿಯಾಗಿ ಕೇಳುವ ರೂಢಿ ಇನ್ನೂ ಬಂದಿಲ್ಲ. ಲೈನ್‌ಮನ್ ಹೇಳಿದ್ದೇ ಕಾಯ್ದೆ.

ಹಾಗಂತ ಆಪರೇಟರ್‌ಗಳನ್ನು ಕಳ್ಳರೆಂದು ಬರೆಯಲು ನಾವು ಕೂತಿಲ್ಲ. ಲಕ್ಷ್ಮೇಶ್ವರದಲ್ಲಿ ಒಬ್ಬರನ್ನು ಅವರ ಅಂಗಡಿಯಲ್ಲೇ ಮಾತಾಡಿಸಿದೆವು. ಬೆಂಚಿನ ಮೇಲೆ ಸುಟ್ಟ ಡಬ್ಬಿಗಳ ರಾಶಿ ಇತ್ತು.

"ನೀವು ಕುಂತು ಬರೀತೀರಿ ಸರ, ಕಂಬ ಹತ್ತೋರು ನಾವು," ಎಂದು ಶುರು ಮಾಡಿದರು. "ಡಬ್ಬಿ ಫ್ರೀ ಅಂತ ಕೊಡ್ತೀವಿ. ಮೂರು ತಿಂಗಳಿಗೆ ಕನೆಕ್ಷನ್ ಬಿಡ್ತಾರ. ಡಬ್ಬಿ ಕೊಡ್ರಿ ಅಂದ್ರ ಮಗ ಬೆಂಗಳೂರಿಗೆ ಒಯ್ದಾನ ಅಂತಾರ. ಅಲ್ಲಿ ಅದು ನಡ್ಯಾಂಗಿಲ್ಲ, ಇಲ್ಲಿ ನನಗ ಬರಾಂಗಿಲ್ಲ. ಮತ್ತ ಬಾಡಗಿ ಹಾಕ್ದ ಏನ್ ಮಾಡೂಣು?"

"ಡಬ್ಬಿ ರೇಟು ಮುಟ್ಟಿದ ಮ್ಯಾಲ ಬಾಡಗಿ ನಿಲ್ಲಸ್ತೀರೇನ್ರಿ ಅಣ್ಣಾರ?" ಎಂದು ಕೇಳಿದೆವು.

ಅವರು ನಕ್ಕರು. "ಯಾರೂ ಕೇಳಿಲ್ಲಲ್ರಿ."

ಅವರು ಹೇಳಿದ ಇನ್ನೊಂದು ಕಷ್ಟವೂ ನಿಜ. ಒಬ್ಬೊಬ್ಬರು ಒಂದೊಂದು ಕಂಪನಿಯ ಡಬ್ಬಿ ತಂದರೆ ಅವರ ಹುಡುಗರಿಗೆ ಅಷ್ಟೂ ಡಬ್ಬಿಯ ಸೆಟ್ಟಿಂಗ್ ಗೊತ್ತಿರುವುದಿಲ್ಲ. ನೆಟ್ ನಿಂತರೆ ತಪ್ಪು ಲೈನಿನದೋ ಡಬ್ಬಿಯದೋ ಎಂದು ಅರ್ಧ ದಿನ ಹೋಗುತ್ತದೆ. ಇದಕ್ಕೆ ನಮ್ಮ ಮಾತು ಸರಳ: ನಿಮ್ಮ ಲೈನಿಗೆ ಸರಿಹೊಂದುವ ಎರಡು ಮೂರು ಮಾದರಿಗಳ ಹೆಸರು ಬರೆದು ಅಂಗಡಿಯ ಬಾಗಿಲಿಗೆ ಹಚ್ಚಿ. ಅದನ್ನೇ ತರುತ್ತೇವೆ. ಬೇಕಿದ್ದರೆ ನಿಮ್ಮ ಹತ್ತಿರವೇ ಕೊಳ್ಳುತ್ತೇವೆ, ಆದರೆ ಬಿಲ್ ಕೊಡಿ. ಟ್ರ್ಯಾಕ್ಟರ್ ಸಾಲದ ಕಂತು ಮುಗಿದ ದಿನ ಟ್ರ್ಯಾಕ್ಟರ್ ನಮ್ಮದಾಗುತ್ತದೆ. ಡಬ್ಬಿಯ ಬಾಡಿಗೆಗೆ ಅಂಥ ಒಂದು ದಿನವೇ ಇಲ್ಲ ಎಂಬುದೇ ನಮ್ಮ ತಕರಾರು.

ಲೆಕ್ಕ ಹೀಗಿದೆ. ಡಬ್ಬಿ 1,400 ಎಂದುಕೊಳ್ಳಿ. ಬಾಡಿಗೆ ಟ್ಯಾಕ್ಸ್ ಸೇರಿ 118 ಇದ್ದರೆ ಹನ್ನೆರಡನೇ ತಿಂಗಳಿಗೆ ಡಬ್ಬಿಯ ರೊಕ್ಕ ಮುಟ್ಟುತ್ತದೆ. ಬಾಡಿಗೆ 50, ಅಂದರೆ ಟ್ಯಾಕ್ಸ್ ಸೇರಿ 59 ಇದ್ದರೆ ಇಪ್ಪತ್ನಾಲ್ಕನೇ ತಿಂಗಳಿಗೆ. ಅಲ್ಲಿಂದ ಮುಂದೆ ಕಟ್ಟುವುದೆಲ್ಲ ಸುಮ್ಮನೆ ಹೋದದ್ದು. "ಫ್ರೀ ಮೋಡೆಮ್" ಎಂದು ಆರು ತಿಂಗಳ, ವರ್ಷದ ರೊಕ್ಕ ಮುಂಗಡ ಕಟ್ಟಿಸಿಕೊಳ್ಳುವವರೂ ಇದ್ದಾರೆ. ಅಲ್ಲಿ ಬಾಡಿಗೆಯ ಸಾಲು ಇರುವುದಿಲ್ಲ, ಆದರೆ ಬಿಡುವಾಗ ಡಬ್ಬಿ ಅವರದೇ. ಅದು ಮೋಸವಲ್ಲ. ತಿಳಿದು ಒಪ್ಪಿದರೆ ಒಳ್ಳೆಯ ವ್ಯವಹಾರವೂ ಆದೀತು.

ಬಾಡಿಗೆಯೇ ವಾಸಿ ಎನ್ನುವ ಸಂದರ್ಭಗಳೂ ಇವೆ. ಗದಗಿನಲ್ಲಿ ಒಂದು ವರ್ಷ ಕೋಚಿಂಗಿಗೆ ಬಂದು ಖೋಲಿ ಹಿಡಿದ ಹುಡುಗರು ಡಬ್ಬಿ ಕೊಳ್ಳುವುದು ದಂಡ. ಸಿಡಿಲು ಬಡಿಯುವ, ಕರೆಂಟ್ ಹೆಚ್ಚುಕಡಿಮೆ ಆಗುವ ಊರುಗಳಲ್ಲಿ, ಸುಟ್ಟರೆ ಕೇಳದೆ ಬದಲಿ ಕೊಡುವ ಆಪರೇಟರ್ ಇದ್ದರೆ ಆ ನೂರು ರೂಪಾಯಿಗೂ ಒಂದು ಬೆಲೆ ಇದೆ. ನಮ್ಮ ಅಡಾಪ್ಟರ್ ಕಥೆಯಲ್ಲಿ ಆಗದೇ ಹೋದದ್ದು ಅದೇ. ಬಾಡಿಗೆ ಕೊಡುವವರು ರಿಪೇರಿಯ ಹೊಣೆ ಹೊರಬಾರದು. ಬಾಡಿಗೆ ಮನೆಯ ಹಂಚು ಒಡೆದರೆ ಮಾಲಕ ಹೊದಿಸುತ್ತಾನೆ, ಹೌದಲ್ಲೋ? ಇನ್ನು ಮಾಳಿಗೆಯ ಮೇಲೆ ಕೂರಿಸಿ 5ಜಿ ಸಿಗ್ನಲ್ ಹಿಡಿಯುವ ಡಬ್ಬಿಗಳ ಮಾತೇ ಬೇರೆ. ಅವು ಆ ಕಂಪನಿಯ ಜೊತೆಗೇ ಬರುತ್ತವೆ, ಅದರ ಜೊತೆಗೇ ಹೋಗುತ್ತವೆ. ಅಲ್ಲಿ ಕೊಳ್ಳುವ ವಿಚಾರ ಬೇಡ.

ಕೊಳ್ಳುವವರು ಏನು ನೋಡಬೇಕು? ಮೊದಲು ಆಪರೇಟರ್‌ಗೆ ಫೋನ್ ಹಚ್ಚಿ ಕೇಳಬೇಕಾದದ್ದು: "ನಿಮ್ಮ ಲೈನ್ ಜಿಪಾನ್ ಐತ್ಯೋ, ಈಪಾನ್ ಐತ್ಯೋ?" ಇವೆರಡು ಬೇರೆ ಬೇರೆ ಪದ್ಧತಿ. ಒಂದರ ಡಬ್ಬಿ ಇನ್ನೊಂದಕ್ಕೆ ನಡೆಯುವುದಿಲ್ಲ. ಎರಡಕ್ಕೂ ಹೊಂದುವ ಎಕ್ಸ್‌ಪಾನ್ ಎಂಬ ಡಬ್ಬಿ ಸಿಗುತ್ತದೆ. ಆಪರೇಟರ್ ಬದಲಾದರೂ ನಡೆಯಲಿ ಎನ್ನುವವರು ಅದನ್ನೇ ತರಬೇಕು. ಆಮೇಲೆ "ನಾ ತಂದ ಡಬ್ಬಿ ನಂಬರ್ ಏರಿಸ್ತೀರೋ ಇಲ್ಲೋ, ಅದಕ್ಕ ಎಷ್ಟು?" ಎಂದು ಕೇಳಿ. ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಮೆಸೇಜ್ ಉಳಿಯುತ್ತದೆ.

ಬಿಎಸ್‌ಎನ್‌ಎಲ್ ಫೈಬರ್ ಜೊತೆ ಲ್ಯಾಂಡ್‌ಲೈನ್ ಫೋನೂ ಬೇಕೆಂದರೆ ಫೋನಿನ ಪಿನ್ ಚುಚ್ಚುವ ತೂತು ಇರುವ ಡಬ್ಬಿಯೇ ಬೇಕು. ಅಗ್ಗದವುಗಳಲ್ಲಿ ಅದು ಇರುವುದಿಲ್ಲ. ಅದೇ ಎಳೆಯಲ್ಲಿ ಟಿವಿಯೂ ಬರುತ್ತಿದ್ದರೆ ಟಿವಿ ಕೇಬಲ್ ತಿರುಗಿಸುವ ಜಾಗವೂ ಡಬ್ಬಿಗೆ ಇರಬೇಕು. ಫೈಬರ್ ಪಿನ್ನಿನ ಬಣ್ಣವನ್ನೂ ನೋಡಿ. ಹಸಿರಿಗೆ ಹಸಿರು, ನೀಲಿಗೆ ನೀಲಿ. ಹಸಿರು ಪಿನ್ನಿನ ತುದಿ ಸ್ವಲ್ಪ ಓರೆಯಾಗಿ ಕತ್ತರಿಸಿರುತ್ತದೆ, ನೀಲಿಯದು ಹಾಗಿರುವುದಿಲ್ಲ. ಒಂದಕ್ಕೊಂದು ಚುಚ್ಚಿದರೆ ಬೆಳಕು ಸೋರಿ ನೆಟ್ ಆಗಾಗ ಹೋಗುತ್ತದೆ, ನೀವು ಡಬ್ಬಿಯನ್ನು ಬೈಯುತ್ತೀರಿ. ಕಂಪನಿಯ ಹೆಸರು ಅಚ್ಚಾಗಿರುವ ಹಳೆಯ ಡಬ್ಬಿ ಐದುನೂರಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಂಥವಕ್ಕೆ ಆ ಕಂಪನಿಯ ಬೀಗ ಬಿದ್ದಿರುತ್ತದೆ. ಎಷ್ಟೋ ಸಲ ಅದು ಮಾರಿದವನ ಸ್ವತ್ತೂ ಆಗಿರುವುದಿಲ್ಲ.

ಆಪರೇಟರ್ ಸುತರಾಂ ಒಪ್ಪದಿದ್ದರೆ ಒಂದು ನಡುದಾರಿ ಇದೆ, ನಮಗೆ ಬಹಳ ಹಿಡಿಸಿದ್ದು. ಡಬ್ಬಿ ಎರಡು ಕೆಲಸ ಮಾಡುತ್ತದೆ. ಒಂದು, ಬೆಳಕನ್ನು ನೆಟ್ಟಾಗಿ ತಿರುಗಿಸುವುದು. ಇನ್ನೊಂದು, ಅದನ್ನು ವೈಫೈಯಾಗಿ ಮನೆಗೆಲ್ಲ ಬಿತ್ತುವುದು. ಮೊದಲ ಕೆಲಸ ಅವರ ಡಬ್ಬಿಯೇ ಮಾಡಲಿ. ಎರಡನೆಯದಕ್ಕೆ ನಿಮ್ಮದೇ ಒಂದು ರೂಟರ್ ತಂದು, ನಡುವೆ ಒಂದು ಲ್ಯಾನ್ ವೈರ್ ಹಾಕಿ. ಈ ರೂಟರ್‌ಗೆ ನಂಬರ್ ಏರಿಸುವ ತಂಟೆ ಇಲ್ಲ. ನಾಳೆ ಯಾವ ಆಪರೇಟರ್ ಬಂದರೂ, ಪಂಚಾಯ್ತಿ ಕಟ್ಟೆಗೆ ಬಂದ ಭಾರತ್‌ನೆಟ್ ಕೇಬಲ್ಲಿನಿಂದ ಮನೆಗೆ ಲೈನ್ ಸಿಕ್ಕರೂ ಅದೇ ನಡೆಯುತ್ತದೆ. ಆಗ ಅವರ ಹತ್ತಿರ ವೈಫೈ ಇಲ್ಲದ ಸಾದಾ ಡಬ್ಬಿ ಕೇಳಿ ಬಾಡಿಗೆ ಇಳಿಸಿಕೊಳ್ಳಲೂ ಬಂದೀತು. ನಮ್ಮ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗೆ ಈ ದಾರಿ ಇನ್ನೂ ಚೆನ್ನ. ಪಡಸಾಲೆಯಲ್ಲಿ ಫುಲ್ ಇದ್ದ ಸಿಗ್ನಲ್ ಅಡುಗೆಮನೆಗೆ ಹೋಗುವುದರೊಳಗೆ ಸಾಯುತ್ತದೆ. ಲೈನ್‌ಮನ್‌ಗೆ ಹೇಳಿದರೆ "ದೊಡ್ಡ ಪ್ಲಾನ್ ಹಾಕಸ್ರಿ" ಎನ್ನುತ್ತಾನೆ. ಪ್ಲಾನ್ ದೊಡ್ಡದಾದರೆ ಗೋಡೆ ತೆಳ್ಳಗಾಗುವುದಿಲ್ಲ. ರೂಟರ್ ನಡುಮನೆಗೆ ಬರಬೇಕು, ಅಷ್ಟೇ.

ಇಷ್ಟಕ್ಕೂ ನೂರು ರೂಪಾಯಿಗೆ ಇಷ್ಟು ದೊಡ್ಡ ಬರಹ ಯಾಕೆ ಎಂದು ಕೇಳಬಹುದು. ಶಿರಹಟ್ಟಿ ತಾಲೂಕಿನ ಒಂದು ಊರಿನಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿರುವ ತಮ್ಮನೊಬ್ಬನ ಕಥೆ ಹೇಳುತ್ತೇವೆ. ಮುಂಗಾರಿನ ಬೆಳೆ ವಿಮೆ ತುಂಬುವ ಕೊನೆಯ ವಾರ. ಹೆಸರು, ಶೇಂಗಾ, ಗೋವಿನಜೋಳ ಬಿತ್ತಿದವರೆಲ್ಲ ಉತಾರ, ಆಧಾರ್, ಪಾಸ್‌ಬುಕ್ ಹಿಡಿದು ಸಾಲು ನಿಂತಿದ್ದರು. ರಾತ್ರಿ ಗುಡುಗು ಮಳೆ ಆಯಿತು. ಮುಂಜಾನೆ ಡಬ್ಬಿ ಸತ್ತಿತ್ತು. ಬಾಡಿಗೆ ಡಬ್ಬಿ. ಆಪರೇಟರ್ ಹತ್ತಿರ ಬದಲಿ ಇರಲಿಲ್ಲ, ಹುಬ್ಬಳ್ಳಿಯಿಂದ ಬರಬೇಕು ಎಂದರು. ನಾಲ್ಕು ದಿನ ಆಯಿತು. ಅವನು ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಮಾಳಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂರಕ್ಷಣೆ ಪೋರ್ಟಲ್ ತೆರೆಯಲು ಹೆಣಗಿದ. ಕೆಲವರ ಅರ್ಜಿ ಆಯಿತು. ಉಳಿದವರು ಬಸ್ ಹತ್ತಿ ಶಿರಹಟ್ಟಿಗೆ ಹೋದರು. ಒಬ್ಬ ಅಜ್ಜ ಹೋಗಲಿಲ್ಲ.

"ನನ್ನ ಕಡೆ ರೊಕ್ಕ ಇತ್ರಿ ಅಣ್ಣಾ," ಎಂದ ಆ ಹುಡುಗ. "ಅವತ್ತ ಹೋಗಿ ಡಬ್ಬಿ ತರತಿದ್ದೆ. ಆದ್ರ ಬ್ಯಾರೇ ಡಬ್ಬಿ ನಮ್ಮ ಲೈನಿಗೆ ಏರಸಾಂಗಿಲ್ಲ ಅಂದ್ರು. ಹಂಗ ಕುಂತೆ."

ಈಗ ಅವನು ಬೇರೆ ಆಪರೇಟರ್ ಲೈನ್ ಹಿಡಿದಿದ್ದಾನೆ. ಎರಡು ಡಬ್ಬಿ ಕೊಂಡಿದ್ದಾನೆ, ಎರಡರ ನಂಬರನ್ನೂ ಮೊದಲೇ ಏರಿಸಿಟ್ಟಿದ್ದಾನೆ. ಒಂದು ಸುಟ್ಟರೆ ಇನ್ನೊಂದು ಚುಚ್ಚಿ, ಒಂದು ಫೋನ್ ಮಾಡಿದರೆ ಆಯಿತು. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳುತ್ತಾನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಡಬ್ಬಿಯನ್ನು ಸುಡುವುದು ಹೆಚ್ಚಾಗಿ ಅಡಾಪ್ಟರ್ ದಾರಿಯಲ್ಲಿ ಬರುವ ಕರೆಂಟೇ. 12 ವೋಲ್ಟಿನ ಒಂದು ಮಿನಿ ಯುಪಿಎಸ್ ಕೂಡ ಇಟ್ಟಿದ್ದಾನೆ. ಹೆಸ್ಕಾಂ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ರೊಕ್ಕ ಕೊಟ್ಟಿದ್ದಕ್ಕೆ ಬಿಲ್ ಕೇಳುವುದಕ್ಕೆ ನಾಚಿಕೆ ಬೇಡ. ಸಾಮಾನು ಮಾರಿ, ಸೇವೆ ಕೊಟ್ಟು ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಕನೆಕ್ಷನ್ ಕೂಲಿ, ಠೇವಣಿ, ಡಬ್ಬಿಯ ಬೆಲೆ ಅಥವಾ ಬಾಡಿಗೆ ಬೇರೆ ಬೇರೆ ಸಾಲಿನಲ್ಲಿರಲಿ. ತಕರಾರಿದ್ದರೆ ಮೊದಲು ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಹಚ್ಚಬಹುದು. ಗದಗಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಟ್ರಾಯ್‌ಗೆ ಬರೆದು ಕಾಯುತ್ತ ಕೂರಬೇಡಿ, ಅದು ಒಬ್ಬೊಬ್ಬರ ದೂರು ಬಿಡಿಸುವುದಿಲ್ಲ.

ಒಬ್ಬರೇ ಕೇಳಿದರೆ ಆಪರೇಟರ್ ಕಿವಿಗೆ ಹಾಕಿಕೊಳ್ಳದಿರಬಹುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಒಬ್ಬೊಬ್ಬ ರೈತನ ಮಾತಿಗೆ ಸಾಲ ಕೊಡುವವರ ಮುಂದೆ ಬೆಲೆ ಇರಲಿಲ್ಲ. ನಾಲ್ಕು ಡಬ್ಬಿಗೆ ಸಂಘ ಕಟ್ಟಿ ಎನ್ನುತ್ತಿಲ್ಲ, ಗಾಬರಿ ಬೇಡ. ಓಣಿಯ ನಾಲ್ಕು ಮನೆಯವರು ಕೂಡಿ ಹೋದರೆ ಸಾಕು.

ಮುಂಡರಗಿ ತಾಲೂಕಿನ ಹೊಳೆ ದಂಡೆಯ ಕಡೆ ನಮ್ಮ ತಂಡದ ಒಬ್ಬರ ಊರಿದೆ. ಅಲ್ಲಿ ಐದು ಮನೆಯವರು ಹಾಗೆ ಕೂಡಿ ಹೋದರು. ಆಪರೇಟರ್ ಒಂದು ಮಾದರಿ ಹೇಳಿದರು. ಆರು ಡಬ್ಬಿ ತಂದರು, ಐದು ಮನೆಗೆ, ಒಂದು ಕಾಯಂ ಬದಲಿ. ಆರನೆಯದರ ರೊಕ್ಕ ಐವರಲ್ಲಿ ಹಂಚಿಕೊಂಡರು. ಬಿಲ್ಲಿನಿಂದ ಬಾಡಿಗೆಯ ಸಾಲು ಹೋಯಿತು. ಡಬ್ಬಿಯ ಬೆನ್ನಿಗೆ ಅಂಟಿಸಿದ ನಂಬರ್ ಮಳೆಗಾಲದ ತೇವಕ್ಕೆ ಅಳಿಸುತ್ತದೆ ಎಂದು ಫೋಟೊ ಹೊಡೆದಿಟ್ಟುಕೊಂಡರು. ಆರನೇ ಡಬ್ಬಿ ಕಿರಾಣಿ ಅಂಗಡಿಯ ಕಾಕಾನ ಹತ್ತಿರ ಇದೆ, ಬೆಲ್ಲದ ಡಬ್ಬದ ಮೇಲಿನ ಅರೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಬಿಲ್ಲಿನ ಸಮೇತ. ಹೋದ ಸಲ ನಾವು ಹೋದಾಗ ಇನ್ನೂ ಅದರ ಸೀಲ್ ಒಡೆದಿರಲಿಲ್ಲ. ಕಾಕಾನ ತಕರಾರು ಒಂದೇ: "ವಾರಂಟಿ ಒಂದ ವರ್ಷ ಐತಂತ. ಹಿಂಗ ಇಟ್ರ ಸೀಲ್ ಒಡ್ಯೂದ್ರಾಗ ವಾರಂಟಿ ಮುಗೀತೈತಿ ನೋಡ್ರಿ." ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ಒಂದೊಂದು ಮನೆಯವರು ಅದನ್ನು ಹಾಕಿ ನೋಡೋಣ ಎಂದು ಅಲ್ಲೇ ಕಟ್ಟೆಯ ಮೇಲೆ ಮಾತಾಯಿತು.